ಚೀಲಕ್ಕೆ 2 ಕೆ.ಜಿ.: ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಪ್ರಕರಣ

ಜನವರಿ ಕೊನೆಯ ವಾರ, ಸಂಜೆ ಐದೂವರೆ. ಕಣದಲ್ಲಿ ಕಾಫಿ ಹಣ್ಣಿನ ತೂಕ ನಡೆಯುತ್ತಿತ್ತು. ಹಣ್ಣು ಸುರಿದು ಖಾಲಿ ಮಾಡಿದ ಒಂದು ಪ್ಲಾಸ್ಟಿಕ್ ಚೀಲ ಗಾಳಿಗೆ ಎದ್ದು, ಕಣದ ಈ ತುದಿಯಿಂದ ಆ ತುದಿಗೆ ಹಾರಿಹೋಗಿ ಬೇಲಿಗೆ ಸಿಕ್ಕಿಕೊಂಡಿತು. ಕಡೂರು ಕಡೆಯಿಂದ ಕೊಯ್ಲಿಗೆ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ಹೋಗಿ ಅದನ್ನು ಬಿಡಿಸಿಕೊಂಡು ಬಂದರು. ಬರುತ್ತಾ ತೂಕ ಬರೆಯುತ್ತಿದ್ದ ರೈಟರಿಗೆ, ಅಂದರೆ ತೋಟದ ಲೆಕ್ಕ ಬರೆಯುವವರಿಗೆ, ಹೇಳಿದರು:

"ಏನ್ ರೈಟ್ರೇ, ಗಾಳಿಗೆ ಹಾರೋ ಚೀಲ ಇದು. ಇದಕ್ಕೂ ಎರಡು ಕೆಜಿ ಕಳೀತೀರಲ್ಲ!"

ನಗುತ್ತಲೇ ಹೇಳಿದ್ದು. ಜಗಳದ ಮಾತಲ್ಲ. ಸುತ್ತ ಇದ್ದವರೂ ನಕ್ಕರು. ರೈಟರ್ ಕೂಡ ನಕ್ಕು ಮುಂದಿನ ಚೀಲದ ತೂಕ ಬರೆದುಕೊಂಡರು. ಆದರೆ ರಾತ್ರಿ ಊಟಕ್ಕೆ ಕೂತಾಗ ಆ ಮಾತು ಮತ್ತೆ ನೆನಪಾಯಿತು. ಆಮೇಲೆ ಸುಮಾರು ಒಂದು ವರ್ಷ ಅದು ಅವರನ್ನು ಬಿಡಲಿಲ್ಲ.

ಆ ಒಂದು ವರ್ಷದಲ್ಲಿ ಏನೇನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ರೈಟರ್ ಒಪ್ಪಿಗೆ ಕೊಟ್ಟಿದ್ದಾರೆ, ಯಾರ ಹೆಸರೂ ಬೇಡ ಅಂದಿದ್ದಾರೆ. ತೋಟದ ಹೆಸರೂ ಬೇಡ. ನಾವಿಬ್ಬರೂ ಕಥೋಲಿಕ ಕ್ರೈಸ್ತರು; ನಾನು ಅವರದೇ ಧರ್ಮಕೇಂದ್ರದವನು, ಅಂದರೆ ಅದೇ ಚರ್ಚಿನವನು, ರಿಟೈರ್ ಆದ ಮೇಷ್ಟ್ರು. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ವಿವೇಕ, ನ್ಯಾಯ, ಧೈರ್ಯ, ಸಂಯಮ ಅಂತ ನಾಲ್ಕು ಮೂಲ ಸದ್ಗುಣಗಳನ್ನು ಮಕ್ಕಳ ಬಾಯಲ್ಲಿ ಹೇಳಿಸುತ್ತೇನೆ. ಅವರು ಗಡಗಡ ಅಂತ ಒಪ್ಪಿಸುತ್ತಾರೆ. ಆದರೆ ಕಾಫಿ ಕಣದಲ್ಲಿ, ತೂಕದ ಪುಸ್ತಕದ ಮುಂದೆ, ಈ ನಾಲ್ಕು ಹೇಗಿರುತ್ತವೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಾನು ಮೊದಲು ಕೊಟ್ಟ ಸಲಹೆ ಬೇರೆಯೇ ಆಗಿರುತ್ತಿತ್ತು. ಆ ಸಲಹೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ 2 ಕೆ.ಜಿ. ಎಲ್ಲಿಂದ ಬಂತು

ಕಾಫಿ ಸೀಮೆಯವರಿಗೆ ಇದು ಗೊತ್ತಿರುವ ಸಂಗತಿ. ಬೇರೆಯವರಿಗಾಗಿ ಬಿಡಿಸಿ ಹೇಳುತ್ತೇನೆ. ವರ್ಷದ ಉಳಿದ ದಿನಗಳಲ್ಲಿ ತೋಟದ ಕೆಲಸಕ್ಕೆ ದಿನಗೂಲಿ. ಕೊಯ್ಲಿನ ಕಾಲದಲ್ಲಿ ಮಾತ್ರ ಎಷ್ಟೋ ತೋಟಗಳಲ್ಲಿ ಕೆ.ಜಿ. ಲೆಕ್ಕ. ಎಷ್ಟು ಹಣ್ಣು ಕುಯ್ದರೋ ಅಷ್ಟಕ್ಕೆ ದುಡ್ಡು. ಈ ತೋಟ 60 ಎಕರೆ, ಎಲ್ಲಾ ರೋಬಸ್ಟಾ. ಡಿಸೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಕೊಯ್ಲು. ಸುಮಾರು 30 ಜನ ಕುಯ್ಯುತ್ತಾರೆ. ಒಂದಷ್ಟು ಜನ ತೋಟದ ಲೈನ್ ಮನೆಗಳವರು (ಆಳುಗಳಿಗೆ ಅಂತ ಸಾಲಾಗಿ ಕಟ್ಟಿಸಿದ ಮನೆಗಳು), ಒಂದಷ್ಟು ಜನ ಬಯಲುಸೀಮೆಯಿಂದ ಬರುವವರು, ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ.

ಸಂಜೆ ಪ್ರತಿಯೊಬ್ಬರೂ ತಮ್ಮ ಚೀಲ ತಂದು ಸಾಲಾಗಿ ನಿಲ್ಲುತ್ತಾರೆ. ಮೇಸ್ತ್ರಿ ಚೀಲ ಎತ್ತಿ ತೂಕದ ಯಂತ್ರದ ಮೇಲೆ ಇಡುತ್ತಾನೆ. ರೈಟರ್ ಅಂಕಿ ನೋಡಿ ಗಟ್ಟಿಯಾಗಿ ಹೇಳುತ್ತಾರೆ, ಅದರಲ್ಲಿ ಚೀಲದ ತೂಕ ಕಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಶನಿವಾರ ಬಟವಾಡೆ.

ಆ ಕಳೆಯುವುದೇ ಇಲ್ಲಿಯ ವಿಷಯ. ಚೀಲಕ್ಕೆ 2 ಕೆ.ಜಿ. ಕಳೆಯುವ ಪದ್ಧತಿ ರೈಟರ್ ಕೆಲಸಕ್ಕೆ ಸೇರುವ ಮುಂಚಿನಿಂದಲೂ ಇತ್ತು. ಆಗ ಗೋಣಿಚೀಲ. ಒಣಗಿದ ಗೋಣಿಯೇ ಒಂದು ಕೆ.ಜಿ. ಹತ್ತಿರ ತೂಗುತ್ತದೆ. ಬೆಳಗ್ಗೆ ಇಬ್ಬನಿ ಕುಡಿದು, ಹಣ್ಣಿನ ರಸ ಹೀರಿಕೊಂಡು ಸಂಜೆ ಹೊತ್ತಿಗೆ ಇನ್ನೂ ಭಾರ. ಜೊತೆಗೆ ಎಲೆ, ಕಡ್ಡಿ. ಹೀಗೆ ಎಲ್ಲಾ ಸೇರಿ 2 ಕೆ.ಜಿ. ಅಂದರೆ ಯಾರಿಗೂ ಅನ್ಯಾಯ ಅನ್ನಿಸುತ್ತಿರಲಿಲ್ಲ, ಅನ್ಯಾಯವೂ ಅಲ್ಲ.

ಮೂರು ಸೀಸನ್ ಹಿಂದೆ ಗೋಣಿಚೀಲ ಹೋಗಿ ಪ್ಲಾಸ್ಟಿಕ್ ಚೀಲ ಬಂತು. ಗೊಬ್ಬರದ ಚೀಲದ ಥರದ್ದೇ, ನೇಯ್ದ ಬಿಳಿ ಚೀಲ. ಗೋಣಿ ದುಬಾರಿಯಾಗಿತ್ತು, ಇಲಿ ಕಡಿಯುತ್ತಿತ್ತು, ಅಷ್ಟೇ ಕಾರಣ. ಚೀಲ ಬದಲಾಯಿತು, ಕಳೆಯುವ ಲೆಕ್ಕ ಬದಲಾಗಲಿಲ್ಲ. ಯಾರೂ ಕೂತು ಮೋಸ ಮಾಡೋಣ ಅಂತ ಯೋಚನೆ ಮಾಡಲಿಲ್ಲ. ಸಾವ್ಕಾರ್ರು, ಅಂದರೆ ತೋಟದ ಯಜಮಾನರು, ತೂಕದ ಹೊತ್ತಿಗೆ ಕಣಕ್ಕೆ ಬರುವುದೇ ಅಪರೂಪ. ಮೇಸ್ತ್ರಿ ಚೀಲ ಎತ್ತುತ್ತಿದ್ದ, ರೈಟರ್ ಕಳೆದು ಬರೆಯುತ್ತಿದ್ದರು. ಕೈಗೆ ಅಭ್ಯಾಸವಾಗಿದ್ದ ಕೆಲಸ. ತೂಕದ ಯಂತ್ರವೂ ಸರಿಯಾಗೇ ಇತ್ತು, ಅದಕ್ಕೆ ಇಲಾಖೆಯ ಮುದ್ರೆಯೂ ಬಿದ್ದಿತ್ತು. ತಪ್ಪು ಯಂತ್ರದಲ್ಲಿ ಇರಲಿಲ್ಲ, ಯಂತ್ರದ ಅಂಕಿ ಪುಸ್ತಕಕ್ಕೆ ಇಳಿಯುವ ಜಾಗದಲ್ಲಿತ್ತು.

ಆ ಹೆಂಗಸು ನಗಾಡಿದ ಮಾರನೇ ದಿನ ರೈಟರ್ ಬೆಳಗ್ಗೆ ಬೇಗ ಗೋಡೌನಿಗೆ ಹೋದರು. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಗೋಣಿಚೀಲ ತೆಗೆದರು. ಮೆಣಸು ತೂಗುವ ಸಣ್ಣ ಸ್ಕೇಲ್ ಮೇಲೆ ಇಟ್ಟರು, 900 ಗ್ರಾಂ. ನಲ್ಲಿ ಕೆಳಗೆ ಹಿಡಿದು, ಹಿಂಡಿ ಮತ್ತೆ ತೂಗಿದರು, 1 ಕೆ.ಜಿ. 700 ಗ್ರಾಂ. ಆಮೇಲೆ ಪ್ಲಾಸ್ಟಿಕ್ ಚೀಲ ಮಡಚಿ ಇಟ್ಟರು, 120 ಗ್ರಾಂ. ಒದ್ದೆ ಮಾಡಿ ಕೊಡವಿದ ಮೇಲೂ ಹೆಚ್ಚು ಕಡಿಮೆ ಅಷ್ಟೇ. ಮೂರು ಅಂಕಿಗಳನ್ನೂ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದರು. ಆ ರಟ್ಟನ್ನು ನಾನು ನೋಡಿದ್ದೇನೆ. 120ರ ಕೆಳಗೆ ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದಾರೆ, ಎರಡನೆಯ ಗೆರೆಗೆ ಕಾಗದ ಹರಿದಿದೆ.

ಎಲೆ ಕಡ್ಡಿಗೆ, ಚೀಲಕ್ಕೆ ಸೇರಿ ಅರ್ಧ ಕೆ.ಜಿ. ಬಿಟ್ಟರೂ, ಚೀಲಕ್ಕೆ ಒಂದೂವರೆ ಕೆ.ಜಿ. ಹಣ್ಣಿನ ಕೂಲಿ ಕೊಯ್ದವರಿಗೆ ಸಿಗುತ್ತಿರಲಿಲ್ಲ. ಆ ವರ್ಷ ಕೆ.ಜಿ.ಗೆ 5 ರೂಪಾಯಿ. ಅಂದರೆ ಚೀಲಕ್ಕೆ ಏಳೂವರೆ ರೂಪಾಯಿ. ದಿನಕ್ಕೆ ಎರಡು ಚೀಲ ತುಂಬಿಸುವವರಿಗೆ 15 ರೂಪಾಯಿ. ಒಂದು ಬಿಸ್ಕೆಟ್ ಪ್ಯಾಕೆಟ್ಟು, ಒಂದು ಟೀ ದುಡ್ಡು. ಅಷ್ಟು ಸಣ್ಣದಾಗಿದ್ದದ್ದಕ್ಕೇ ಮೂರು ಸೀಸನ್ ಯಾರ ಕಣ್ಣಿಗೂ ಬೀಳಲಿಲ್ಲ ಅಂತ ನನಗನ್ನಿಸುತ್ತದೆ.

ಅವತ್ತು ಸಂಜೆಯಿಂದಲೇ ಅವರು ಚೀಲಕ್ಕೆ ಅರ್ಧ ಕೆ.ಜಿ. ಮಾತ್ರ ಕಳೆಯತೊಡಗಿದರು. ಯಾರನ್ನೂ ಕೇಳಲಿಲ್ಲ. ಅದು ಅವರ ಕೈಯಲ್ಲಿದ್ದ ಕೆಲಸ. ಉಳಿದದ್ದು ಹಿಂದಿನ ಬಾಕಿ.

ನಾನು ಕೊಟ್ಟ ಸಲಹೆ

ಆ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಅವರು ನನ್ನ ಹತ್ತಿರ ಬಂದರು. "ಮೇಷ್ಟ್ರೇ, ಒಂದು ಲೆಕ್ಕ ಮಾಡಿಕೊಡ್ಬೇಕು" ಅಂದರು. ಸಂಜೆ ಅವರ ಮನೆಗೆ ಹೋದೆ. ಮೂರು ಸೀಸನ್ನಿನ ತೂಕದ ಪುಸ್ತಕಗಳು ಮೇಜಿನ ಮೇಲಿದ್ದವು. ಇಬ್ಬರೂ ಕೂತು ಚೀಲ ಎಣಿಸಿದೆವು. ಮೊದಲ ಸೀಸನ್ 2,900 ಚೀಲ, ಆಗ ಕೆ.ಜಿ.ಗೆ 4 ರೂಪಾಯಿ. ಎರಡನೆಯದು 3,200 ಚೀಲ, ನಾಲ್ಕೂವರೆ ರೂಪಾಯಿ. ಈ ಸಲ ಅಲ್ಲಿಯವರೆಗೆ 2,000 ಚೀಲ, 5 ರೂಪಾಯಿ. ಚೀಲಕ್ಕೆ ಒಂದೂವರೆ ಕೆ.ಜಿ. ಹಿಡಿದರೆ 17,400, 21,600, 15,000. ಒಟ್ಟು 54,000 ರೂಪಾಯಿ.

ಮೊತ್ತ ನೋಡಿ ನನಗೆ ಒಂಥರಾ ಸಮಾಧಾನವೇ ಆಯಿತು. ಲಕ್ಷಗಟ್ಟಲೆ ಇಲ್ಲವಲ್ಲ! ನಾನು ಸಂತ ವಿನ್ಸೆಂಟ್ ದ ಪೌಲ್ ಸಭೆಯಲ್ಲಿದ್ದೇನೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜನಾಂ ಅನ್ನುವ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ ಶುರು ಮಾಡಿದ ಸಭೆ ಅದು. ಬಡವರ ಮನೆಗೇ ಹೋಗಿ, ಸದ್ದಿಲ್ಲದೆ ಕೈಲಾದದ್ದು ಮಾಡುವುದು ನಮ್ಮ ಕ್ರಮ. ಆ ಅಭ್ಯಾಸದಲ್ಲೇ ನನಗೆ ಉಪಾಯ ಹೊಳೆಯಿತು. ಸಾವ್ಕಾರ್ರಿಗೆ ಹೇಳಿ ಮನಸ್ತಾಪ ಯಾಕೆ? ಸೀಸನ್ ಮುಗಿಯುವಾಗ ಎಲ್ಲರಿಗೂ ಒಂದೊಂದು ಒಳ್ಳೇ ಕಂಬಳಿ ಕೊಡೋಣ. ಸಭೆಯಿಂದ ಸ್ವಲ್ಪ ಹಾಕೋಣ, ನೀವು ಸ್ವಲ್ಪ ಹಾಕಿ. ಯಾರಿಗೂ ಅವಮಾನ ಇಲ್ಲ, ಬಡವರಿಗೂ ಸಹಾಯ ಆಗುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಕಂಬಳಿ ಕೊಟ್ರೆ ಅವರು ನಮಗೆ ಕೈ ಮುಗೀತಾರೆ ಮೇಷ್ಟ್ರೇ. ನಾವು ಅವರ ದುಡ್ಡು ಇಟ್ಕೊಂಡು ಅವರ ಹತ್ರ ಕೈ ಮುಗಿಸ್ಕೊಳ್ಳೋದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಬೈಬಲಿನಲ್ಲಿ ಲೂಕನ ಶುಭಸಂದೇಶದ 19ನೇ ಅಧ್ಯಾಯ ತೆಗೆದೆ. ಜಕ್ಕಾಯನ ಕಥೆ. ಮಕ್ಕಳಿಂದ ಎಷ್ಟೋ ಸಲ ನಾಟಕ ಮಾಡಿಸಿದ್ದೇನೆ. ಸುಂಕ ವಸೂಲಿ ಮಾಡುವ ಕುಳ್ಳ ಮನುಷ್ಯ ಯೇಸುಸ್ವಾಮಿಯನ್ನು ನೋಡಲು ಮರ ಹತ್ತುತ್ತಾನೆ, ಮಕ್ಕಳಿಗೆ ಆ ಭಾಗ ಬಹಳ ಇಷ್ಟ. ಕೆಳಗಿಳಿದ ಮೇಲೆ ಅವನು ಏನು ಹೇಳುತ್ತಾನೆ ಅನ್ನುವುದನ್ನು ನಾನು ಯಾವಾಗಲೂ ಒಂದೇ ಉಸಿರಿಗೆ ಓದಿಬಿಡುತ್ತಿದ್ದೆ. ಈ ಸಲ ನಿಧಾನವಾಗಿ ಓದಿದೆ. ಜಕ್ಕಾಯ ಎರಡು ಬೇರೆ ಬೇರೆ ಮಾತು ಹೇಳುತ್ತಾನೆ. ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ ಅನ್ನುವುದು ಒಂದು. ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ಅವರಿಗೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅನ್ನುವುದು ಇನ್ನೊಂದು. ಬಡವರಿಗೆ ಅರ್ಧ ಕೊಟ್ಟೆನಲ್ಲ, ಅದರಲ್ಲೇ ಎಲ್ಲಾ ಬಂತು ಅಂತ ಅವನು ಹೇಳಲಿಲ್ಲ. ಕೊಡುವುದು ಬೇರೆ, ಹಿಂದಕ್ಕೆ ಕೊಡುವುದು ಬೇರೆ. ನಾನು ಎರಡನ್ನೂ ಒಂದೇ ಕಂಬಳಿಯಲ್ಲಿ ಸುತ್ತಲು ಹೊರಟಿದ್ದೆ.

ಜಗತ್ತಿನ ಕಥೋಲಿಕ ಬಿಷಪ್ಪರೆಲ್ಲಾ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯರ, ಅಂದರೆ ಪಾದ್ರಿಗಳಲ್ಲದ ಸಾಮಾನ್ಯ ಕ್ರೈಸ್ತರ, ಸೇವೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲೂ ಇದೇ ಮಾತಿದೆ. ನ್ಯಾಯವಾಗಿ ಕೊಡಬೇಕಾದದ್ದನ್ನು ದಾನದ ಕಾಣಿಕೆಯ ಹಾಗೆ ಕೊಡಬಾರದು, ಮೊದಲು ನ್ಯಾಯ ತೀರಬೇಕು ಅನ್ನುವ ಅರ್ಥದ ಮಾತು. ಇಷ್ಟು ವರ್ಷ ಧರ್ಮೋಪದೇಶ ಹೇಳಿಕೊಟ್ಟ ನಾನು ಪುಸ್ತಕ ನೋಡಿ ಕಲಿಯಬೇಕಾಯಿತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ರೈಟರಿಗೆ ಅದು ಊಟದ ಮೇಜಿನ ಮುಂದೆಯೇ ಗೊತ್ತಿತ್ತು. ಅವರ ತಾಯಿ ಇದೇ ಸೀಮೆಯ ತೋಟಗಳಲ್ಲಿ ಹಣ್ಣು ಕುಯ್ದವರು ಅಂತ ಆಮೇಲೆ ತಿಳಿಯಿತು.

ಅವರು ಫಾದರ್ ಹತ್ತಿರವೂ ಹೋಗಿ ಮಾತಾಡಿದ್ದರು. ಚರ್ಚಿನ ಬಂಗಲೆಯ ಜಗಲಿಯಲ್ಲಿ ಎಲ್ಲಾ ಕೇಳಿದ ಫಾದರ್ ಒಂದೇ ಪ್ರಶ್ನೆ ಕೇಳಿದರಂತೆ, "ಈ ದುಡ್ಡು ಯಾರದ್ದು?"

ಸಾವ್ಕಾರ್ರ ಮನೆಯಲ್ಲಿ

ಸಾವ್ಕಾರ್ರು ಕ್ರೈಸ್ತರಲ್ಲ. ಒಳ್ಳೆಯ ಮನುಷ್ಯ. ಆಳುಗಳಿಗೆ ಹುಷಾರಿಲ್ಲದಿದ್ದರೆ ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕಳಿಸುವವರು. ರೈಟರ್ ಅವರ ಹತ್ತಿರ ಇಪ್ಪತ್ತು ವರ್ಷದಿಂದ ಇದ್ದಾರೆ. ಇಂಥವರ ಮುಂದೆ ಹೋಗಿ "ನಿಮ್ಮ ತೋಟದಲ್ಲಿ ಕೂಲಿಯಲ್ಲಿ ಮೋಸ ಆಗಿದೆ" ಅನ್ನುವುದು ಸುಲಭ ಅಲ್ಲ. ಕೆಟ್ಟವರಿಗೆ ಹೇಳುವುದಾದರೆ ಕೋಪದ ಬಲವಾದರೂ ಇರುತ್ತದೆ.

ರೈಟರ್ ಎರಡು ವಾರ ಕಾದರು. ಕೊಯ್ಲಿನ ಗಡಿಬಿಡಿಯಲ್ಲಿ, ಆಳುಗಳ ಮುಂದೆ, ಫೋನಿನಲ್ಲಿ ಹೇಳಬಾರದು ಅಂತ ತೀರ್ಮಾನ ಮಾಡಿದ್ದರು. ನನಗೆ ಆಗ ಇದು ಹೆದರಿಕೆ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಒಂದು ಬೆಳಗ್ಗೆ ಸಾವ್ಕಾರ್ರು ಒಬ್ಬರೇ ಇದ್ದಾಗ ಮನೆಗೆ ಹೋದರು. ಜೊತೆಗೆ ಎರಡು ಚೀಲ, ಮೆಣಸಿನ ಸ್ಕೇಲ್, ತೂಕದ ಪುಸ್ತಕ. ಮಾತಾಡುವ ಮೊದಲು ಎರಡು ಚೀಲವನ್ನೂ ತೂಗಿ ತೋರಿಸಿದರು.

ಸಾವ್ಕಾರ್ರಿಗೆ ತಕ್ಷಣ ಅರ್ಥವಾಯಿತು. ಮುಖ ಕೆಂಪಾಯಿತು.

"ನನ್ನ ಕಳ್ಳ ಅಂತೀಯೇನೋ ಮಾರಾಯ?"

"ಬರೆದದ್ದು ನಾನು ಸಾವ್ಕಾರ್ರೇ. ಪುಸ್ತಕದಲ್ಲಿ ಇರೋದು ನನ್ನ ಕೈಬರಹ. ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗ್ಬೇಕಿತ್ತು."

ಈ ಉತ್ತರದ ಹತ್ತಿರ ನಾನು ಸ್ವಲ್ಪ ನಿಲ್ಲುತ್ತೇನೆ. ಅದು ಜಾಣತನದ ಮಾತಲ್ಲ, ನಿಜದ ಮಾತು. ಅವರಿಗೆ ತಮ್ಮ ಪಾಲಿನ ತಪ್ಪು ನಿಜವಾಗಿಯೂ ಕಾಣಿಸಿತ್ತು, ಅದನ್ನು ಮೊದಲು ಮೇಜಿನ ಮೇಲೆ ಇಟ್ಟರು. ಸತ್ಯ ಹೇಳುವವರಲ್ಲಿ ಎಷ್ಟೋ ಜನ ಕೈ ತೊಳೆದುಕೊಂಡು ಬಂದು ಹೇಳುತ್ತಾರೆ, ಅಲ್ವಾ? ಕೇಳುವವನಿಗೆ ಅದು ಉರಿ ಹತ್ತಿಸುತ್ತದೆ. ಮಕ್ಕಳಿಗೆ ಧೈರ್ಯ ಅಂದರೆ ಏನು ಅಂತ ಹೇಳಿಕೊಡುವಾಗ ನಾನು ಇದುವರೆಗೆ ಸಂತರ ಮರಣದ ಕಥೆ ಹೇಳುತ್ತಿದ್ದೆ. ಈಗ ಇದನ್ನೂ ಹೇಳುತ್ತೇನೆ.

ಅವತ್ತು ಆದದ್ದು ಅರ್ಧ ಮಾತ್ರ. ಇನ್ನು ಮುಂದೆ ಅರ್ಧ ಕೆ.ಜಿ.ಯೇ ಕಳೆಯಿರಿ ಅಂತ ಸಾವ್ಕಾರ್ರು ಒಪ್ಪಿದರು. ಹಿಂದಿನದು ಆಗಿಹೋಯಿತು, ಅದನ್ನು ಕೆದಕುವುದು ಬೇಡ ಅಂದರು. ಮೇಸ್ತ್ರಿಗೆ ವಿಷಯ ತಿಳಿದು ಅವನು ಬೇರೆಯೇ ಹೆದರಿಸಿದ. "ಒಂದು ಸಲ ಬಾಯಿ ಬಿಟ್ರೆ ಮುಗೀತು. ಹತ್ತು ವರ್ಷದ್ದು ಕೇಳ್ತಾರೆ. ನಾಳೆ ಯಾರೂ ನಮ್ಮ ತೂಕ ನಂಬಲ್ಲ." ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ.

ರೈಟರ್ ವಾದ ಮಾಡಲಿಲ್ಲ. "ನನ್ನ ಪಾಲು ನಾನು ಕೊಡ್ತೀನಿ ಸಾವ್ಕಾರ್ರೇ. ಮೂರರಲ್ಲಿ ಒಂದು ಭಾಗ. ಪುಸ್ತಕದಲ್ಲಿ ಬರೆದು, ಹೆಸರು ಹೇಳಿ ಕೊಡ್ತೀನಿ. ನಿಮ್ಮದು ನಿಮಗೆ ಬಿಟ್ಟದ್ದು" ಅಂದು ಪುಸ್ತಕ ತೆಗೆದುಕೊಂಡು ಬಂದರು. ಮೂರರಲ್ಲಿ ಒಂದು ಅಂದರೆ 18,000. ಅವರಿಗೆ ಅದು ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಮನೆಯೊಳಗಿನ ಮಾತು

ಈ ಭಾಗವನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. ರೈಟರ ಹೆಂಡತಿಯೇ ಬರೆಯಿರಿ ಅಂದರು.

ಅವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮಾರ್ಚಿಗೆ ಫೀಸು ಕಟ್ಟಬೇಕಿತ್ತು. ಗಂಡ 18,000 ಅಂದು ಬಂದದ್ದು ಕೇಳಿ ಅವರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: "ರೀ, ಬಾಕಿ ಕೊಡ್ಬೇಡಿ ಅಂತ ನಾನು ಹೇಳಲ್ಲ. ಆದ್ರೆ ಫೀಸಿಗೆ ಅಂತ ಇಟ್ಟ ದುಡ್ಡು ಮಗಳದ್ದು. ಅದನ್ನ ಕೊಟ್ಟು ನೀವು ಒಳ್ಳೆಯವರಾಗೋದು ಬೇಡ. ಒಬ್ಬರ ದುಡ್ಡು ತಿರುಗಿಸೋಕೆ ಇನ್ನೊಬ್ಬರ ದುಡ್ಡು ತೆಗೆದ್ರೆ ಅದೂ ಅದೇ ಲೆಕ್ಕ ಅಲ್ವಾ?"

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ವಿವೇಕ ಅನ್ನುವ ಗುಣ ಸ್ಪಷ್ಟವಾಗಿ ಕಂಡದ್ದು ಇಲ್ಲೇ. ರೈಟರ ಮನಸ್ಸು ಆ ಹೊತ್ತಿಗೆ ಒಂದೇ ಕಡೆ ಓಡುತ್ತಿತ್ತು. ಬೇಗ ಕೊಟ್ಟು ಹಗುರಾಗಬೇಕು ಅನ್ನುವ ಅವಸರ. ಆ ಅವಸರದಲ್ಲಿ ಮನೆಯವರ ಮೇಲೆ ಭಾರ ಹಾಕುತ್ತಿದ್ದೇನೆ ಅಂತ ಅವರಿಗೆ ಕಾಣಲಿಲ್ಲ. ಒಳ್ಳೆಯದನ್ನು ಮಾಡುವ ಹುರುಪಿನಲ್ಲಿ ಹತ್ತಿರದವರಿಗೆ ಅನ್ಯಾಯ ಮಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಚರ್ಚಿನ ಕೆಲಸ ಅಂತ ಓಡಾಡಿ ಮನೆ ಮರೆತವರನ್ನು.

ಫೀಸು ಮೊದಲು ಕಟ್ಟಿದರು. ಬಾಕಿಯ ದುಡ್ಡನ್ನು ತಿಂಗಳಿಗೆ ಎರಡು ಸಾವಿರದ ಹಾಗೆ ಎತ್ತಿಡುವುದು ಅಂತ ಆಯಿತು. ಈಸ್ಟರ್ ಹಬ್ಬದ ಮುಂಚಿನ ತಪಸ್ಸುಕಾಲ ಶುರುವಾಗಿತ್ತು. ಪ್ರತಿ ವರ್ಷ ಆ 40 ದಿನ ರೈಟರ್ ಮಾಂಸ ಬಿಡುತ್ತಾರೆ. ಈ ಸಲ ಬೀಡಿಯನ್ನೂ ಬಿಟ್ಟರು, ಆ ದುಡ್ಡು ಡಬ್ಬಕ್ಕೆ ಹಾಕಿದರು. ಹೆಂಡತಿ ಹೊಲಿಗೆ ದುಡ್ಡಿನಲ್ಲಿ ವಾರಕ್ಕೆ ನೂರು ಹಾಕುತ್ತಿದ್ದರು. ಅದನ್ನು ಯಾರೂ ಕೇಳಿರಲಿಲ್ಲ.

ಬೋನಸ್ಸೋ ಬಾಕಿಯೋ

ಸಾವ್ಕಾರ್ರ ಮನಸ್ಸು ಯಾವಾಗ ಬದಲಾಯಿತು ಅಂತ ನನಗೆ ಹೇಳಲು ಬರುವುದಿಲ್ಲ. ರೈಟರ್ ಮತ್ತೆ ಆ ಮಾತು ಎತ್ತಲಿಲ್ಲ. ಎಂದಿನ ಹಾಗೆ ಕೆಲಸಕ್ಕೆ ಹೋದರು, ಎಂದಿನ ಹಾಗೆ ಗೌರವದಿಂದ ಮಾತಾಡಿದರು. ಮಳೆಗಾಲ ಕಳೆಯಿತು. ನವೆಂಬರಿನಲ್ಲಿ, ಮುಂದಿನ ಕೊಯ್ಲಿಗೆ ಕಣಕ್ಕೆ ಸಗಣಿ ಸಾರಿಸುವ ಹೊತ್ತಿಗೆ, ಸಾವ್ಕಾರ್ರೇ ಕರೆದು ಕೇಳಿದರಂತೆ, "ಆ ಲಿಸ್ಟ್ ಇದೆಯಾ?"

ಲಿಸ್ಟ್ ಇತ್ತು. ಒಟ್ಟು 41 ಹೆಸರು. ಪ್ರತಿ ಹೆಸರಿನ ಮುಂದೆ ಚೀಲದ ಸಂಖ್ಯೆ, ಮೊತ್ತ. ಸಾವ್ಕಾರ್ರು ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು. 600, 1,775, 940. "ಇಷ್ಟೇನಾ ಒಬ್ಬೊಬ್ಬರಿಗೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ಕೊಡ್ತೀನಿ. ಬೋನಸ್ ಅಂತ ಕೊಡೋಣ" ಅಂದರು.

ರೈಟರಿಗೆ ಬೋನಸ್ ಅನ್ನುವ ಹೆಸರು ಇಷ್ಟ ಆಗಲಿಲ್ಲ. ಕಂಬಳಿಯ ಹಾಗೆಯೇ ಅದೂ. ತೂಕದ ಬಾಕಿ ಅಂತಲೇ ಹೇಳಬೇಕು ಅಂದರು. ಸಾವ್ಕಾರ್ರಿಗೆ ಆ ಹೆಸರು ಬೇಡ. ಬಾಕಿ ಅಂದರೆ ಊರೆಲ್ಲಾ ಒಂದು ಥರ ಮಾತಾಡುತ್ತದೆ. ಕೊನೆಗೆ ಕವರಿನ ಮೇಲೆ "ಹಿಂದಿನ ತೂಕದ ಲೆಕ್ಕ" ಅಂತ ಬರೆಯುವುದು, ಕೊಡುವಾಗ ಚೀಲದ ವಿಷಯ ರೈಟರ್ ಬಾಯಲ್ಲಿ ವಿವರಿಸುವುದು ಅಂತ ಒಪ್ಪಂದವಾಯಿತು. ಸಾವ್ಕಾರ್ರು ಕ್ಷಮೆ ಕೇಳಲಿಲ್ಲ, ಕೇಳಬೇಕು ಅಂತ ರೈಟರ್ ಹಟ ಹಿಡಿಯಲೂ ಇಲ್ಲ. ಪೂರ್ತಿ ತಾನೇ ಕೊಡುತ್ತೇನೆ ಅಂತ ಸಾವ್ಕಾರ್ರು ಅಂದಾಗ ರೈಟರ್ ಒಪ್ಪಲಿಲ್ಲ. ಡಬ್ಬದ 18,000 ತಂದು ಮೇಜಿನ ಮೇಲಿಟ್ಟರು.

ಈ ಒಪ್ಪಂದದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಸತ್ಯವನ್ನು ಸ್ವಲ್ಪ ಮೆತ್ತಗೆ ಮಾಡಿದ ಹಾಗಾಯಿತಲ್ಲ ಅಂತ ಮೊದಲು ಅನ್ನಿಸಿತು. ಆದರೆ ಕೂಲಿಯವರಿಗೆ ಯಾವ ಮಾತೂ ಮುಚ್ಚಿಡಲಿಲ್ಲ, ದುಡ್ಡು ಎಲ್ಲಿಂದ ಬಂತು ಅಂತ ಪ್ರತಿಯೊಬ್ಬರಿಗೂ ತಿಳಿಯಿತು. ಸಾವ್ಕಾರ್ರ ಮಾನ ಉಳಿಯಿತು ಅಷ್ಟೇ. ಅವರನ್ನು ತಲೆ ತಗ್ಗಿಸುವಂತೆ ಮಾಡುವುದು ಯಾರಿಗೂ ಸಲ್ಲಬೇಕಾದ ಬಾಕಿ ಆಗಿರಲಿಲ್ಲ. ಹಾಗಾಗಿ ರೈಟರ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಬೇರೆಯವರು ಒಪ್ಪದೆ ಇರಬಹುದು.

ಇನ್ನೊಂದು ಸಣ್ಣ ಸಂಗತಿ. ಚೀಲಕ್ಕೆ ಒಂದೂವರೆ ಬದಲು ಎರಡೇ ಹಿಡಿಯೋಣ, ನಾಲ್ಕು ಕಾಸು ಜಾಸ್ತಿ ಹೋಗಲಿ ಬಿಡಿ ಅಂತ ನಾನು ಅಂದಿದ್ದೆ. "ಬೇಡ ಮೇಷ್ಟ್ರೇ. ಲೆಕ್ಕ ಲೆಕ್ಕಾನೇ ಆಗ್ಲಿ. ಜಾಸ್ತಿ ಕೊಟ್ರೆ ಮತ್ತೆ ಅದು ದಾನ ಆಗ್ತದೆ" ಅಂದರು. ಜಕ್ಕಾಯ ನಾಲ್ಕರಷ್ಟು ಕೊಟ್ಟನಲ್ಲ ಅಂತ ಕೇಳಿದೆ. ಅವನು ಬೇಕಂತ ಮಾಡಿದವನು ಅಂದರು.

ಕೊಟ್ಟದ್ದು

41 ಜನರಲ್ಲಿ ಲೈನ್ ಮನೆಗಳವರಿಗೆ ತಲುಪಿಸುವುದು ಸುಲಭ. ಬಯಲುಸೀಮೆಯವರು ಕೊಯ್ಲಿಗೆ ಮತ್ತೆ ಬಂದರು. ಅಸ್ಸಾಮಿಗೆ ಹೋದ ಕೆಲವರ ನಂಬರ್ ಮೇಸ್ತ್ರಿಯ ಫೋನಿನಲ್ಲಿತ್ತು, ಅವರಿಗೆ ಫೋನಿನಲ್ಲೇ ದುಡ್ಡು ಹಾಕಿದರು. ಒಬ್ಬ ಹುಡುಗ ನಂಬದೆ, ಯಾವುದೋ ಮೋಸದ ಜಾಲ ಇರಬೇಕು ಅಂತ ಕಾಲ್ ಕಟ್ ಮಾಡಿದ. ಮೂರು ಸಲ ಮಾಡಿದ ಮೇಲೆ ಮಾತಾಡಿದ.

ಹೀಗೆ 34 ಜನರಿಗೆ ತಲುಪಿತು. 7 ಜನ ಸಿಗಲಿಲ್ಲ. ಅವರ ಪಾಲು 6,200 ರೂಪಾಯಿ. ಯಾರಿಗೆ ಸಲ್ಲಬೇಕೋ ಅವರು ಸಿಗದೇ ಹೋದರೆ ಆ ದುಡ್ಡು ಬಡವರಿಗೆ ಹೋಗಬೇಕು, ಇಟ್ಟುಕೊಳ್ಳುವ ಹಾಗಿಲ್ಲ ಅನ್ನುವುದು ನಮ್ಮ ಧರ್ಮಸಭೆಯ ಹಳೆಯ ಪಾಠ. ಆದರೂ ರೈಟರ್ ಅದನ್ನು ಕವರುಗಳಲ್ಲೇ ಇಟ್ಟಿದ್ದಾರೆ. ಈ ಕೊಯ್ಲು ಮುಗಿಯುವವರೆಗೆ ಕಾಯುತ್ತಾರಂತೆ. ಆಮೇಲೂ ಬರದಿದ್ದರೆ ನಮ್ಮ ವಿನ್ಸೆಂಟ್ ಸಭೆಗೆ ಕೊಡುತ್ತಾರೆ, ಹೆಸರು ಹಾಕದೆ.

ಮೇಸ್ತ್ರಿ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ಇಬ್ಬರು ಬಂದು ಅದಕ್ಕೂ ಹಿಂದಿನ ವರ್ಷಗಳದ್ದು ಕೇಳಿದರು. ರೈಟರ್ ಪುಸ್ತಕ, ಗೋಣಿಚೀಲ ಎರಡೂ ತೋರಿಸಿದರು. ಒಬ್ಬರು ಒಪ್ಪಿದರು. ಇನ್ನೊಬ್ಬ ಒಪ್ಪದೆ ಜಗಳ ಮಾಡಿ ಬೇರೆ ತೋಟಕ್ಕೆ ಹೋದ. ಒಳ್ಳೇ ಕೆಲಸಗಾರ. ಅವನು ಹೋದದ್ದು ರೈಟರಿಗೆ ಇವತ್ತಿಗೂ ಬೇಸರ.

ಈಗ ಆ ಕಣದಲ್ಲಿ ಬೇರೆ ಪದ್ಧತಿ. ತೂಕ ಶುರುವಾಗುವ ಮೊದಲು ಒಂದು ಖಾಲಿ ಚೀಲವನ್ನು ಎಲ್ಲರ ಮುಂದೆ ಸ್ಕೇಲ್ ಮೇಲೆ ಇಡುತ್ತಾರೆ. ಸಾಲಿನಲ್ಲಿ ಮೊದಲು ನಿಂತವರು ಅಂಕಿ ಓದಬೇಕು, ಓದಲು ಬರದಿದ್ದರೆ ಪಕ್ಕದವರು.

ಕವರು ಕೊಟ್ಟ ದಿನ ನಾನೂ ಹೋಗಿದ್ದೆ. ಡಿಸೆಂಬರ್ ಮೂರನೇ ವಾರ, ಶನಿವಾರದ ಬಟವಾಡೆ. ಗಾಳಿಗೆ ಹಾರಿದ ಚೀಲವನ್ನು ಬೇಲಿಯಿಂದ ಬಿಡಿಸಿಕೊಂಡು ಬಂದಿದ್ದ ಆ ಕಡೂರಿನ ಅಕ್ಕನೂ ಬಂದಿದ್ದರು. ರೈಟರ್ ಚೀಲದ ವಿಷಯ ವಿವರಿಸಿ, "ಅಕ್ಕ, ಇದು ನಿಮ್ಮದು. 1,240 ರೂಪಾಯಿ" ಅಂತ ಕವರು ಕೊಟ್ಟರು. ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕೂತರು. ಕವರು ಹರಿದರು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಎರಡು ಐನೂರು, ಎರಡು ನೂರು, ಒಂದು ಇಪ್ಪತ್ತು. ಎದ್ದು ಬಂದು ಮೇಜಿನ ಮುಂದೆ ನಿಂತರು.

"ಇಪ್ಪತ್ತು ಕಮ್ಮಿ ಐತಲ್ಲ ರೈಟ್ರೇ."

ರೈಟರ್ ಲಿಸ್ಟ್ ನೋಡಿದರು, ನೋಟು ಎಣಿಸಿದರು. ಹೌದು, ಕಡಿಮೆ ಇತ್ತು. ಡ್ರಾಯರ್ ತೆಗೆದು ಇಪ್ಪತ್ತರ ಒಂದು ನೋಟು ಕೊಟ್ಟರು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಉಳಿದ ನೋಟುಗಳ ಜೊತೆ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಈಗ ಸರಿ ಆತು" ಅಂದು ಲೈನ್ ಕಡೆ ಹೊರಟರು.